ಪಿಟೀಲು ಬೇಡ, ಕತ್ತರಿಯೂ ಬೇಡ

ಕೇಳುಗರಿಗೆ ನಮಸ್ಕಾರ.

ನಮ್ಮ ಸಿನಿಮಾದಲ್ಲಿ ಕಣ್ಣು ಕಾಣದ ತಂಗಿ ಇದ್ದರೆ ಕೊನೆಗೆ ಆಪರೇಷನ್ ಆಗಲೇಬೇಕು. ತೊದಲುವವನಿದ್ದರೆ ಅವನು ನಗಿಸಲೇಬೇಕು. ಇದೆಲ್ಲ ಸಾಕು ಅಂತ ಸ್ವಂತ ದುಡ್ಡು ಹಾಕಿ, ನಾಲ್ಕು ಗೆಳೆಯರನ್ನು ಕಟ್ಟಿಕೊಂಡು ಸಣ್ಣ ಸಿನಿಮಾ ಮಾಡಲು ಹೊರಟವರ ಜೊತೆ ಇವತ್ತು ನನ್ನ ಮಾತು.

ಕಥೆಗೆ ದೂರ ಹೋಗಬೇಡಿ. ಪಾವಗಡಕ್ಕೆ ಹೋಗಿ, ಬಾಗೇಪಲ್ಲಿಗೆ ಹೋಗಿ. ಆ ಕಡೆ ಎಷ್ಟೋ ಕೊಳವೆಬಾವಿಗಳ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೀರಿದ ನೀರನ್ನೇ ಕುಡಿದು ಬೆಳೆದವರಿಗೆ ಚಿಕ್ಕಂದಿನಲ್ಲೇ ಹಲ್ಲಿಗೆ ಕಂದು ಕಲೆ, ವರ್ಷಗಳು ಕಳೆದಂತೆ ಕೀಲು, ಬೆನ್ನುಮೂಳೆ ಬಿಗಿ. ಹಾಗೆ ಬಿಗಿದವರನ್ನು ಹಿಂದಿನಿಂದ ಕೂಗಿ ನೋಡಿ, ಕತ್ತು ತಿರುಗುವುದಿಲ್ಲ, ಕೋಲು ಎತ್ತಿಟ್ಟು, ಪಾದ ಸರಿಸಿ ಸರಿಸಿ, ಇಡೀ ಮೈಯನ್ನೇ ನಿಮ್ಮ ಕಡೆ ತಿರುಗಿಸಿ "ಯಾರಪ್ಪಾ?" ಅನ್ನುತ್ತಾರೆ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತೂ ಕ್ಯಾಮೆರಾ ಓಡಲಿ. ಕತ್ತರಿಸಬೇಡಿ. ಹಿಂದೆ ಪಿಟೀಲು ಅಂತೂ ಬೇಡವೇ ಬೇಡ. ಆಮೇಲೆ ಅದೇ ಅಜ್ಜ ಮೊಮ್ಮಗನನ್ನು ಬೈಯುವುದನ್ನೂ, ಟೊಮೆಟೊ ರೇಟಿಗೆ ಜಗಳ ಆಡುವುದನ್ನೂ ತೋರಿಸಿ, ಇಲ್ಲದಿದ್ದರೆ ನಾವು ನೋಡುವುದು ಬರೀ ಕಾಯಿಲೆ, ಮನುಷ್ಯನನ್ನಲ್ಲ ಅಲ್ವಾ?

ಮನಸ್ಸಿನ ಕಾಯಿಲೆ ತೋರಿಸುವುದು ಇನ್ನೂ ಕಷ್ಟ. ಎಲ್ಲರಿಗೂ ಕಿರುಚುವ ಸೀನ್ ಬೇಕು. ಮಾತ್ರೆ ನುಂಗಿ, ಬುತ್ತಿ ಕಟ್ಟಿಕೊಂಡು ಏಳು ಗಂಟೆ ಬಸ್ಸು ಹತ್ತುವ ಸೀನ್ ಯಾರಿಗೂ ಬೇಡ. 1971ರಲ್ಲೇ ಪುಟ್ಟಣ್ಣನವರು 'ಶರಪಂಜರ'ದಲ್ಲಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರೇ ಹೇಗೆ ಮತ್ತೆ ಆಸ್ಪತ್ರೆಗೆ ದೂಡಿದರು ಅಂತ ತೋರಿಸಿದರು. ಕಾಯಿಲೆಗಿಂತ ಆ ಮನೆಯೇ ಹೆಚ್ಚು ಭಯ ಹುಟ್ಟಿಸುತ್ತದೆ. ನೀವು ಹಿಡಿಯಬೇಕಾದ್ದೂ ಆ ಮನೆಯನ್ನೇ.

ಹಾಗಂತ ನಗುವೇ ಇರಬಾರದು ಅಂತಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಡಿಸಿ ಹೇಳಿತು: ಅಂಗವಿಕಲರನ್ನು ಕೀಳಾಗಿ ಕಾಣುವ ಹಾಸ್ಯ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ. ತಮ್ಮ ಊರುಗೋಲಿನ ಮೇಲೆ ತಾವೇ ಜೋಕ್ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಂಭಾಷಣೆ ಬರೆಯಿರಿ, ಸುಮ್ನೆ ಕಾಫಿ ಕುಡಿಸಿ ಕಳಿಸಬೇಡಿ, ಬರೆದದ್ದಕ್ಕೆ ದುಡ್ಡು ಕೊಡಿ.

ಯಾರ ಬದುಕನ್ನು ಚಿತ್ರಿಸುತ್ತೀರೋ ಅವರ ಒಪ್ಪಿಗೆ ಶೂಟಿಂಗ್ ದಿನ ಒಮ್ಮೆ ಕೇಳಿದರೆ ಸಾಲದು. ಎಡಿಟ್ ಆದ ಮೇಲೆ ಅವರಿಗೇ ಮೊದಲು ತೋರಿಸಿ, ಬೇಡ ಅಂದ ತುಣುಕನ್ನು ತೆಗೆಯಿರಿ. ಎಷ್ಟೇ ಚೆನ್ನಾಗಿದ್ದರೂ ಸರಿ. ಇನ್ನು, ಊರಲ್ಲಿ ಸಿನಿಮಾ ತೋರಿಸುವಾಗ ಮಹಡಿ ಮೇಲಿನ ಹಾಲ್ ಬುಕ್ ಮಾಡಿ ಬಿಟ್ಟೀರಿ, ಜೋಕೆ.