ಹಂಡೆ ಪಕ್ಕ ನಿಂತವಳು

ಕೇಳುಗರಿಗೆ ನಮಸ್ಕಾರ.

ಹಿಂದೆ ನಾನಿದ್ದ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಸಮೀಕ್ಷೆ ಬರುತ್ತಿತ್ತು. ಗ್ಯಾಲಪ್ ಸಂಸ್ಥೆಯ ಹೆಸರಾದ 12 ಪ್ರಶ್ನೆಗಳು. ಕೆಲಸಕ್ಕೆ ಬೇಕಾದ ಸಾಮಾನು ಸಿಗುತ್ತಾ? ಯಾರಾದರೂ ಮೆಚ್ಚಿ ಮಾತಾಡಿದರಾ? ಆಪ್ತ ಗೆಳೆಯರಿದ್ದಾರಾ? ಎಲ್ಲಕ್ಕೂ ಐದಕ್ಕೆ ಐದು ಒತ್ತಿ ಊಟಕ್ಕೆ ಹೋಗುತ್ತಿದ್ದೆ. ಸುಳ್ಳೇನಲ್ಲ, ಖುಷಿಯಾಗೇ ಇದ್ದೆ. ಆದರೆ ಆರು ವರ್ಷದಲ್ಲಿ ಹೊಸದೇನೂ ಕಲಿತಿರಲಿಲ್ಲ.

ಈ ಸಮೀಕ್ಷೆ ಅಳೆಯೋದು ಎಂಪ್ಲಾಯಿ ಎಂಗೇಜ್‌ಮೆಂಟ್, ಅಂದರೆ ನೌಕರ ಕೆಲಸದಲ್ಲಿ ಎಷ್ಟು ಮನಸಿಟ್ಟು ತೊಡಗಿದ್ದಾನೆ ಅನ್ನೋದನ್ನು. ಅದರ ಬೇರು ವಿಲಿಯಂ ಕಾನ್ ಅನ್ನೋ ಸಂಶೋಧಕ 1990ರಲ್ಲಿ ಬರೆದ ಒಂದು ಪ್ರಬಂಧ. ಬೇಸಿಗೆ ಶಿಬಿರವೊಂದರ ಸಿಬ್ಬಂದಿ ಮತ್ತು ಕಟ್ಟಡ ವಿನ್ಯಾಸದ ಒಂದು ಕಚೇರಿಯವರನ್ನು ಆತ ಗಮನಿಸಿದ. ಮನುಷ್ಯ ಕೆಲಸದಲ್ಲಿ ತನ್ನನ್ನು ಎಷ್ಟು ತೊಡಗಿಸುತ್ತಾನೆ, ಎಷ್ಟು ಹಿಂದೆ ಇಟ್ಟುಕೊಳ್ಳುತ್ತಾನೆ ಅನ್ನೋದು ಅವನ ಪ್ರಶ್ನೆ. ಬರಬರುತ್ತಾ ಅದು ಅಂಕಪಟ್ಟಿಯಾಯಿತು. ಆ 12ರಲ್ಲಿ ಕಲಿಕೆಯದ್ದು ಕೊನೇ ಪ್ರಶ್ನೆ. ಅದೂ ಕಲಿಯಲು ಅವಕಾಶ ಸಿಕ್ಕಿತಾ ಅಂತ. ನೀನಾಗಿ ಏನು ಹುಡುಕಿಕೊಂಡು ಹೋದೆ ಅಂತ ಅಲ್ಲ.

ಈ ವ್ಯತ್ಯಾಸ ನನಗೆ ಕಂಡದ್ದು ತೀರ್ಥಹಳ್ಳಿ ಹತ್ತಿರ, ದೊಡ್ಡಪ್ಪನ ಮನೆ ಅಂಗಳದಲ್ಲಿ. ರಾತ್ರಿ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿ ಮುಂದೆ ಸಾಲಾಗಿ ಹೆಂಗಸರು, ಹರಟೆ, ನಗು, ನಡುವೆ ಕಾಫಿ. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಸಮೀಕ್ಷೆ ಮಾಡಿದ್ದರೆ ಎಲ್ಲರದ್ದೂ ಐದಕ್ಕೆ ಐದೇ. ಒಬ್ಬಳು ಮಾತ್ರ ಡಬ್ಬ ತುಂಬಿದ ಕೂಡಲೇ ಎದ್ದು, ಬೇಯಿಸೋ ಹಂಡೆ ಪಕ್ಕ ಹೋಗಿ ನಿಲ್ಲುತ್ತಿದ್ದಳು.

"ಅಣ್ಣಾ, ಬೆಂದಿದ್ದು ಹೆಂಗೆ ಗೊತ್ತಾಗುತ್ತೆ?"

ಹಂಡೆಯವನು ಸೌಟಲ್ಲಿ ನಾಲ್ಕು ಅಡಿಕೆ ಎತ್ತಿ ತೋರಿಸಿದ. ಅಡಿಕೆಯ ಕಣ್ಣು, ಅಂದರೆ ಮೊಳಕೆಯ ಭಾಗ, ಉದುರಿದ್ದರೆ ಬೆಂದ ಹಾಗೆ. ಮರುದಿನ ಚೊಗರಿನ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದ ವಿಷಯ ಕೇಳಿದಳು, ಹಳೇದು ಎಷ್ಟು ಹಾಕಿದರೆ ಬಣ್ಣ ಏರುತ್ತೆ ಅಂತ. ಅವಳಿಗೆ ಯಾರೂ ತರಬೇತಿ ಇಟ್ಟಿರಲಿಲ್ಲ. ಎದ್ದು ಹೋಗಿದ್ದಕ್ಕೆ ಯಾರೂ ಬೈಯಲೂ ಇಲ್ಲ. ಈ ಎರಡನೆಯದೇ ದೊಡ್ಡದು, ನೋಡಿ.

ಜಾನ್ ಹೇಗಲ್ ಅನ್ನೋ ಚಿಂತಕ ಇದನ್ನು ಅನ್ವೇಷಕನ ಹಂಬಲ ಅನ್ನುತ್ತಾನೆ. ಒಂದು ಕ್ಷೇತ್ರಕ್ಕೆ ಅಂಟಿಕೊಳ್ಳೋದು, ಕಷ್ಟದ ಪ್ರಶ್ನೆಯನ್ನೇ ಹುಡುಕೋದು, ಬಲ್ಲವರ ಜೊತೆ ಸೇರೋದು. ನಮ್ಮ ಕಡೆ ಸುಮ್ನೆ ಹುಚ್ಚು ಅಂತೀವಿ, ಅಲ್ವಾ?

ಹುಚ್ಚಿದೆಯಲ್ಲ, ದುಡ್ಡು ಯಾಕೆ ಅನ್ನೋರೂ ಇದ್ದಾರೆ. ದೊಡ್ಡಪ್ಪನೇ ಮೊದಲ ವರ್ಷ ಅವಳ ಕೈಲಿ ಹಂಡೆ ನೋಡಿಸಿ, ಕೂಲಿ ಮಾತ್ರ ಡಬ್ಬದ ಲೆಕ್ಕದಲ್ಲಿ ಕೊಟ್ಟರು. ಮುಂದಿನ ಕೊಯ್ಲಿಗೆ ಅವಳೇ ಜಗಲಿ ಹತ್ತಿರ ಬಂದು ನಿಂತಳು.

"ಅಯ್ಯಾ, ಬೇಯಿಸೋಕೆ ಬೇರೆ ಕೂಲಿ ಮಾತಾಡಿ. ಆಚೆ ಮನೆಯವರೂ ಕರೀತಿದ್ದಾರೆ."

ದೊಡ್ಡಪ್ಪ ಚೌಕಾಸಿ ಮಾಡಲಿಲ್ಲ. ಹಿಂದಿನ ವರ್ಷದ ಅಡಿಕೆ ಬಣ್ಣ ಅವರು ನೋಡಿದ್ದರು.

ನಮಸ್ಕಾರ.