ಲಾರಿ ಎಲ್ಲಿಂದ ಬರುತ್ತೆ?

ಊರ ನಡುವೆ ಕಲಾ ಸಂಕೀರ್ಣ ಕಟ್ತೀವಿ ಅಂತ ಯಾರೇ ಚಿತ್ರ ತೋರಿಸಲಿ, ಅದರ ಮುಂಭಾಗ ಸೊಗಸಾಗೇ ಇರುತ್ತೆ. ಅಗಲವಾದ ಮೆಟ್ಟಿಲು, ಕಾರಂಜಿ, ಬಲೂನು ಹಿಡಿದ ಮಗು. ಆ ಮಗು ಎಲ್ಲಾ ಚಿತ್ರದಲ್ಲೂ ಇರುತ್ತೆ! ಅದನ್ನ ಬಿಡಿ, ಲಾರಿ ಎಲ್ಲಿಂದ ಒಳಗೆ ಬರುತ್ತೆ ಅಂತ ಕೇಳಿ.

ರಂಗಮಂದಿರವಾಗಲಿ, ಮ್ಯೂಸಿಯಮ್ಮಾಗಲಿ, ಬದುಕೋದು ಹಿಂಬಾಗಿಲಿಂದ. ದೊಡ್ಡ ನಾಟಕದ ಸೆಟ್ಟು ಬರೋದು ಸುಮಾರು 16 ಮೀಟರ್ ಉದ್ದದ ಟ್ರೇಲರ್‌ಗಳಲ್ಲಿ. ಅದು ರಿವರ್ಸ್ ತಗೊಳ್ಳೋಕೆ ಜಾಗ ಬೇಕು. ಲಾರಿ ತಳದ ಮಟ್ಟಕ್ಕೇ ಇರೋ, ಹೆಚ್ಚುಕಮ್ಮಿ 1.2 ಮೀಟರ್ ಎತ್ತರದ ಕಟ್ಟೆ ಬೇಕು. ಅಲ್ಲಿಂದ ರಂಗದವರೆಗೆ ಒಂದೂ ಮೆಟ್ಟಿಲು ಇರಬಾರದು. ಮ್ಯೂಸಿಯಂ ಕಥೆ ಇನ್ನೂ ನಾಜೂಕು. ಅಲ್ಲಿ ಒಂದರ ಹಿಂದೆ ಒಂದು ಎರಡು ಬಾಗಿಲು. ಹೊರಗಿನದು ಮುಚ್ಚಿದ ಮೇಲೇ ಒಳಗಿನದನ್ನ ತೆಗೀಬೇಕು. ಎರಡನ್ನೂ ಒಟ್ಟಿಗೆ ತೆಗೆದಿಟ್ರೆ ಹೊರಗಿನ ತೇವದ ಗಾಳಿ ಒಳಕ್ಕೆ ನುಗ್ಗುತ್ತೆ; ಹಲಗೆ ಮೇಲೆ ಬರೆದ ಹಳೇ ಚಿತ್ರ ಇದ್ರೆ ಮರ ಉಬ್ಬುತ್ತೆ, ಕುಗ್ಗುತ್ತೆ, ಬಣ್ಣ ಏಳುತ್ತೆ.

ಒಂಟಿ ಕಟ್ಟಡ ಆದ್ರೆ ಈ ಹಿಂಬಾಗಿಲನ್ನ ಪಕ್ಕದ ಓಣಿಗೆ ತಳ್ಳಬಹುದು. ನಾಲ್ಕು ಕಟ್ಟಡ ಒಂದೇ ಕಡೆ ಸೇರಿದಾಗ ತೊಂದರೆ ಶುರು. ಎಲ್ಲರಿಗೂ ನಡುವಿನ ಅಂಗಳದ ಕಡೆ ಮುಖ ಬೇಕು. ಅಂದಮೇಲೆ ಬೆನ್ನು ಯಾರ ಕಡೆಗೆ? ಸುತ್ತಲಿನ ಬೀದಿಗೆ. ನ್ಯೂಯಾರ್ಕ್‌ನ ಲಿಂಕನ್ ಸೆಂಟರ್ ಅನ್ನೋ ಕಲಾ ಸಂಕೀರ್ಣ ನೋಡಿ. ಸ್ಯಾನ್ ಹುವಾನ್ ಹಿಲ್ ಅನ್ನೋ ಬಡಾವಣೆಯ ಜನರನ್ನ ಎಬ್ಬಿಸಿ ಕಟ್ಟಿದ್ದು. ಪೂರ್ವಕ್ಕೆ ಕಾರಂಜಿ, ಪಶ್ಚಿಮಕ್ಕೆ, ಅಂದ್ರೆ ಆಮ್‌ಸ್ಟರ್‌ಡ್ಯಾಮ್ ಅವೆನ್ಯೂ ಆಚೆಯ ಸಾರ್ವಜನಿಕ ವಸತಿಗಳ ಕಡೆಗೆ, ಗೋಡೆ. ಮೊದಲ ಸಭಾಂಗಣ ತೆರೆದದ್ದು 1962ರಲ್ಲಿ. ಆ ಗೋಡೆ ಒಡೆದು ಆ ಕಡೆಗೂ ತೆರೆಯೋ ಯೋಜನೆ ಕೈಗೆತ್ತಿಕೊಂಡದ್ದು ಅರವತ್ತು ವರ್ಷ ಕಳೆದ ಮೇಲೆ.

ಸಿಡ್ನಿ ಒಪೆರಾ ಹೌಸ್‌ನಲ್ಲಿ ಇನ್ನೊಂದು ಫಜೀತಿ. 1973ರಲ್ಲಿ ತೆರೆದಾಗಿಂದ ಲಾರಿಗಳೂ ಪ್ರವಾಸಿಗರೂ ಒಂದೇ ಮುಂದಿನ ಅಂಗಳದಲ್ಲಿ. ಕೊನೆಗೆ ನೆಲ ಕೊರೆದು ಲಾರಿ ದಾರಿಯನ್ನ ಕೆಳಗಿಳಿಸಿ ಮುಗಿಸಿದಾಗ 2015.

ಮೊದಲೇ ಎಲ್ಲರಿಗೂ ಸೇರಿ ಒಂದು ಇಳಿಜಾರು, ನೆಲದಡಿ ಒಂದು ಕಟ್ಟೆ ಮಾಡಿದ್ರೆ ಸಾಲದಾ? ಸಾಲುತ್ತೆ, ಯಾಕಂದ್ರೆ ಹೊತ್ತು ಹೊಂದುತ್ತೆ: ಮ್ಯೂಸಿಯಂ ಪೆಟ್ಟಿಗೆಗಳು ಬರೋದು ಹಗಲಲ್ಲಿ, ನಾಟಕದವರು ಸೆಟ್ಟು ಬಿಚ್ಚೋದು ಆಟ ಮುಗಿದ ಮೇಲೆ ರಾತ್ರಿ. ಎಡವಟ್ಟು ಆಗೋದು ಸದ್ದಲ್ಲಿ. ನಿಂತ ಲಾರಿಯ ಎಂಜಿನ್ ಗುಡುಗು ಕಾಂಕ್ರೀಟಿನಲ್ಲಿ ಹರಿದು ಮೇಲಿನ ಸಭಾಂಗಣ ಸೇರುತ್ತೆ, ಮೆಲುದನಿಯ ಪಿಟೀಲಿನ ಹೊತ್ತಿಗೆ ಸರಿಯಾಗಿ. ಕಟ್ಟೆಯ ಚಪ್ಪಡಿಗೂ ಸಭಾಂಗಣದ ಗೋಡೆಗೂ ನಡುವೆ ಸಂದು ಬಿಡಬೇಕು. ಆ ಸಂದಿಗೆ ಕೆಲಸದವರು ಸಿಮೆಂಟಿನ ಚೂರು ಬೀಳಿಸಿದ್ರೂ ಸದ್ದು ದಾಟೋಕೆ ಸೇತುವೆ ಸಿಕ್ಕಿದ ಹಾಗೆ.

ಲಾರಿಯನ್ನ ನೆಲದಡಿಗೆ ಇಳಿಸೋ ಬದಲು ಜನರನ್ನೇ ಮೇಲೆತ್ತಿದವರೂ ಇದ್ದಾರೆ. ಲಂಡನ್‌ನಲ್ಲಿ ಮನೆಗಳೂ ಕಲಾಕೇಂದ್ರವೂ ಸೇರಿರೋ ಬಾರ್ಬಿಕನ್ ಸಂಕೀರ್ಣದಲ್ಲಿ ಜನ ನಡೆಯೋ ದಾರಿಗಳು ಬೀದಿಯಿಂದ ಒಂದು ಮಹಡಿ ಮೇಲೆ. 1982ರಲ್ಲಿ ತೆರೆದ ಆ ಕಲಾಕೇಂದ್ರದ ಬಾಗಿಲು ಹುಡುಕೋಕೆ ನೆಲದ ಮೇಲೆ ಹಳದಿ ಗೆರೆ ಎಳೆಯಬೇಕಾಯ್ತು.