ನವಲೂರ ಪೇರಲ, ಕಡಲೆ ಕಟ್ಟು, ಒಂದು ಗ್ಲಾಸ್ ಸೌರ್

ಈ ಹಣ್ಣಿನ ವಾಸನೆ ಕ್ಯಾಮೆರಾದಲ್ಲಿ ಸಿಗುವುದಿಲ್ಲ, ಅದೊಂದೇ ಬೇಜಾರು ನನಗೆ. ಮಧ್ಯಾಹ್ನ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ನವಲೂರು ಹತ್ತಿರ ಗಾಡಿ ನಿಲ್ಲಿಸಿ ತಂದ ಪೇರಲ ಇದು. ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿ ಗಟ್ಟಿ ಕಾಯಿ ಆರಿಸಿ ಕೊಡಲು ಬಂದರು, ಉಪ್ಪು ಖಾರ ಹಚ್ಚಿ ತಿನ್ನಲು ಅದೇ ಚೆಂದ ಅಂತ. ನನಗೆ ಬೇಕಾಗಿದ್ದು ಹಳದಿ ತಿರುಗಿ ಮೆತ್ತಗಾದ ಹಣ್ಣು. ಯಾಕಂದ್ರೆ ಇವತ್ತು ಮನೆಯಲ್ಲೇ ಪೇರಲ ಸೌರ್ ಮಾಡುತ್ತಿದ್ದೇನೆ.

ಸೌರ್ ಅಂದರೆ ಒಂದು ಮದ್ಯ, ಒಂದು ಹುಳಿ, ಒಂದು ಸಿಹಿ, ಇಷ್ಟೇ. ವಿಸ್ಕಿ ಹಾಕಿದರೆ ವಿಸ್ಕಿ ಸೌರ್. ಪೆರು ದೇಶದಲ್ಲಿ ದ್ರಾಕ್ಷಿಯಿಂದ ಇಳಿಸುವ ಪಿಸ್ಕೊ ಹಾಕಿದರೆ ಪಿಸ್ಕೊ ಸೌರ್. ನಾನು ಜಿನ್ ತೆಗೆದುಕೊಂಡಿದ್ದೇನೆ, ಪೇರಲದ ಘಮವನ್ನು ಅದು ಮುಚ್ಚುವುದಿಲ್ಲ. ಆದರೆ ಗಂಟಲಲ್ಲಿ ಬೆಣ್ಣೆಯ ಹಾಗೆ ಜಾರುತ್ತದಲ್ಲ, ಆ ನುಣುಪು ಸಕ್ಕರೆಯಿಂದ ಬರುವುದಲ್ಲ. ನೊರೆಯಿಂದ ಬರುವುದು. ಬಾರ್‌ಗಳಲ್ಲಿ ಅದಕ್ಕೆ ಹಸಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಆ ವಾಸನೆ ನನಗೆ ಆಗುವುದಿಲ್ಲ.

ಅದಕ್ಕೇ ಈ ಬಟ್ಟಲು. ನಿನ್ನೆ ರಾತ್ರಿ ಕಡಲೆ ಬೇಯಿಸಿ ಬಸಿದ ಕಟ್ಟು. ಹೋಳಿಗೆ ಮಾಡುವ ದಿನ ಬೇಳೆ ಕುದಿಯುವಾಗ ಪಾತ್ರೆ ತುಂಬ ನೊರೆ ಉಕ್ಕುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಅದೇ ಸಂಗತಿ ಇದು. ಕಾಳಿನ ಪ್ರೋಟೀನು ನೀರಿಗೆ ಇಳಿದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಳಿನ ನೀರು ಮೊಟ್ಟೆಯ ಬಿಳಿಯಂತೆಯೇ ನೊರೆ ಕಟ್ಟುತ್ತದೆ ಅಂತ 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿದರು, ಅಲ್ಲಿಂದ ಅದು ಜಗತ್ತಿನ ಅಡುಗೆಮನೆಗಳಿಗೆಲ್ಲ ಹೋಯಿತು. ನಮ್ಮ ಮನೆಗಳಲ್ಲಿ ಕಟ್ಟು ಸೀದಾ ಸಾರಿಗೆ ಹೋಗುತ್ತಿತ್ತು. ನನ್ನದು ಗದಗ ಕಡೆಯ ಎರೆ ಹೊಲದ, ಕಂದು ಸಿಪ್ಪೆಯ ಕಡಲೆ, ಅದಕ್ಕೇ ಕಟ್ಟು ಸ್ವಲ್ಪ ಕಂದು. ಬಣ್ಣ ಬಿಳಿಯೇ ಬೇಕು ಅಂದರೆ ಕಾಬೂಲಿ ಕಡಲೆ ತಗೊಳ್ಳಿ. ಬೇಯಿಸುವಾಗ ಉಪ್ಪು ಮಾತ್ರ ಬೇಡ, ನೀರೂ ಜಾಸ್ತಿ ಬೇಡ. ಕಾಳು ತೆಗೆದ ಮೇಲೂ ಕಟ್ಟು ತೆಳ್ಳಗಿದ್ದರೆ ಇನ್ನೊಂದಿಷ್ಟು ಕುದಿಸಿ, ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಚಮಚ ಅದ್ದಿ ಎತ್ತಿದರೆ ಲೋಳೆಯ ಹಾಗೆ ಇಳಿಯಬೇಕು.

ಪೇರಲವನ್ನು ಮಿಕ್ಸಿಗೆ ಹಾಕಬೇಡಿ, ಬೀಜ ಪುಡಿಯಾದರೆ ಬಾಯಿಗೆ ಮರಳು ಸಿಕ್ಕ ಹಾಗಾಗುತ್ತದೆ. ಜರಡಿ ಮೇಲಿಟ್ಟು ಚಮಚದ ಬೆನ್ನಿನಿಂದ ಒತ್ತಿ. ನಿಧಾನ ಆಗುತ್ತದೆ, ಆಗಲಿ. ಜರಡಿ ಕೆಳಗೆ ಅಂಟಿಕೊಂಡಿರುವುದನ್ನೂ ಕೆರೆದು ತೆಗೆಯಿರಿ, ಅದೇ ಎಲ್ಲಕ್ಕಿಂತ ನುಣ್ಣಗಿರುತ್ತದೆ.

ಈಗ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಗೆ ಜಿನ್ 60 ಮಿಲಿ, ಪೇರಲ ತಿರುಳು 45, ಲಿಂಬೆ ರಸ 25, ಸಕ್ಕರೆ ಪಾಕ 20, ಕಟ್ಟು 30. ಪೇರಲಕ್ಕೆ ತನ್ನದೇ ಹುಳಿ ಕಡಿಮೆ, ಹಾಗಾಗಿ ಲಿಂಬೆಯಲ್ಲಿ ಜಿಪುಣತನ ಬೇಡ. ಮೊದಲು ಐಸ್ ಇಲ್ಲದೆ ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಿ. ನೊರೆ ಹುಟ್ಟುವುದು ಇಲ್ಲೇ, ಆಗಲೇ ಐಸ್ ಹಾಕಿದರೆ ನೀರು ಸೇರಿ ಅದು ಸೊರಗುತ್ತದೆ. ಮುಚ್ಚಳದ ಮೇಲೊಂದು ಕೈ ಇರಲಿ, ಹೋದ ವಾರ ಅದು ಹಾರಿ ಗೋಡೆಯೆಲ್ಲ ಪೇರಲ ಆಗಿತ್ತು. ಆಮೇಲೆ ಐಸ್ ಹಾಕಿ ಇನ್ನೊಂದು 15 ಸೆಕೆಂಡ್, ಡಬ್ಬಿ ಹಿಡಿದ ಕೈ ಮರಗಟ್ಟುವವರೆಗೆ. ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಒಂದು ನಿಮಿಷ ಮುಟ್ಟದೆ ಬಿಡಿ.

ನೋಡಿ, ಹೇಗೆ ಬೇರೆ ಆಗುತ್ತಿದೆ. ಕೆಳಗೆ ತಿಳಿ ಹಳದಿ, ಮೇಲೆ ಒಂದು ಬೆರಳು ದಪ್ಪ ನೊರೆ. ಅಮ್ಮನಿಗೆ ಜಿನ್ ಬಿಟ್ಟು ಎಲ್ಲ ಅಲ್ಲಾಡಿಸಿ, ಸೋಡಾ ಬೆರೆಸಿ ಕೊಟ್ಟೆ, ಅವರ ಮೇಲ್ತುಟಿಗೂ ಬಿಳಿ ಮೀಸೆ ಬಂತು. ನನ್ನ ಗ್ಲಾಸಿನ ನೊರೆ ಮೇಲೆ ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಬ್ಯಾಡಗಿ ಮೆಣಸಿನ ಪುಡಿ ಉದುರಿಸಿದ್ದೇನೆ. ನವಲೂರ ಅಜ್ಜಿ ಹೇಳಿದ್ದು ಸರಿ.